ಮಾವ ಮಾತಾಡಿಸಿದ ಬಸವ

ಪ್ರಾಣಿಯ ಬಾಯಿಂದ ಕಥೆ ಹೇಳಿಸುವ ಕಾದಂಬರಿಯನ್ನು ಯಾರಾದರೂ ಕೈಗೆ ಕೊಟ್ಟರೆ ನಾನು ಒಂದು ಪುಟ ಓದಿ ತಿರುಗಿ ಕೊಟ್ಟುಬಿಡುತ್ತೇನೆ. ಇಷ್ಟು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿದವಳು ಹೀಗೆ ಹೇಳಬಾರದು ಅಂತ ಗೊತ್ತು. ಆದರೂ ಹೇಳುತ್ತೇನೆ. ನಾಯಿ ಹೇಳಿದ ಕಥೆ ಓದಿದ್ದೇನೆ, ಕುದುರೆ ಹೇಳಿದ್ದು ಓದಿದ್ದೇನೆ, ಗುಬ್ಬಿಯನ್ನೂ ಬಿಟ್ಟಿಲ್ಲ. ಎಲ್ಲವೂ ಒಂದೇ ಥರ ಮಾತಾಡುತ್ತವೆ. ಪೇಟೆಯಲ್ಲಿ ಮನೆ ಮಾಡಿಕೊಂಡು, ಎರಡು ಸಲ ಕಾಫಿ ಕುಡಿದು, ಆರಾಮ ಕುರ್ಚಿಯಲ್ಲಿ ಕೂತು ಬೇರೆಯವರ ತಪ್ಪು ಎಣಿಸುವ ಗಂಡಸಿನ ಥರ. ನಾಯಿಗೆ ಮನುಷ್ಯನ ಕೃತಘ್ನತೆಯ ಮೇಲೆ ಅಧ್ಯಾಯಗಟ್ಟಲೆ ಹೇಳುವುದಿರುತ್ತದೆ. ಮೈಮೇಲಿನ ಉಣ್ಣಿಯ ಬಗ್ಗೆ ಒಂದು ಸಾಲು ಇರುವುದಿಲ್ಲ.

ಇದು ಬರೀ ಸಾಹಿತ್ಯದ ತಕರಾರಾಗಿದ್ದರೆ ನಾನು ಇಷ್ಟು ಉರಿದುಕೊಳ್ಳುತ್ತಿರಲಿಲ್ಲ. ಅಂಥದೊಂದು ಕಾದಂಬರಿಯ ದೆಸೆಯಿಂದ ನಮ್ಮಕ್ಕನಿಗೆ ಗೊತ್ತಾಗಿದ್ದ ಸಂಬಂಧ ಕೈಬಿಟ್ಟು ಹೋಗುವ ಹೊತ್ತು ಬಂತು. ಬರೆದವನು ಹೊರಗಿನವನಲ್ಲ, ನಮ್ಮವ್ವನ ಒಡಹುಟ್ಟಿದ ತಮ್ಮ, ನನ್ನ ಸೋದರಮಾವ. ಕಾದಂಬರಿಯ ಹೆಸರು ಹೇಳುವುದಿಲ್ಲ. ಅಟ್ಟದ ಮೇಲೆ ಉಳಿದುಕೊಂಡ ಪ್ರತಿಗಳಿಗೆ ನಾನೇ ಪ್ರಚಾರ ಕೊಟ್ಟಂತಾಗುತ್ತದೆ.

ಮಾವ ಬಳ್ಳಾರಿಯಲ್ಲಿ ವಕೀಲ. ಪಾರ್ವತಿನಗರದಲ್ಲಿ ಮಹಡಿಮನೆ ಕಟ್ಟಿಸಿದ್ದ. ಎಪ್ಪತ್ತರ ದಶಕದ ಮೊದಲಲ್ಲಿ ನಾನು ಬಿ.ಎ. ಓದಲು ಆ ಮನೆಯಲ್ಲಿದ್ದೆ. ಅವ್ವ ಮತ್ತು ಅಕ್ಕ ಸಿರುಗುಪ್ಪದಲ್ಲಿದ್ದರು. ಅಪ್ಪ ತೀರಿಕೊಂಡ ಮೇಲೆ ಅವ್ವ ಕಾಲುವೆ ಕೆಳಗಿನ ಗದ್ದೆಯನ್ನು ಪಾಲಿಗೆ ಕೊಟ್ಟು, ಎಮ್ಮೆ ಕಟ್ಟಿಕೊಂಡು ಸಂಸಾರ ನಡೆಸುತ್ತಿದ್ದಳು. ನಮ್ಮ ಮನೆಗೆ ಗಂಡು ದಿಕ್ಕು ಅಂದರೆ ತಮ್ಮನೇ ಅಂತ ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದಳು. ಅವನ ವಕೀಲಿ ಚೆನ್ನಾಗಿಯೇ ನಡೆಯುತ್ತಿತ್ತು. ಆದರೆ ಕೋರ್ಟಿನಲ್ಲಿ ಇನ್ನೊಬ್ಬ ವಕೀಲನ ಕವನ ಸಂಕಲನ ಬಿಡುಗಡೆಯಾಗಿ, ಜಡ್ಜರೇ ಬಂದು ಹಾರ ಹಾಕಿದ್ದರು. ಅಂದಿನಿಂದ ಮಾವನಿಗೆ ಊಟ ರುಚಿಸಲಿಲ್ಲ.

"ಎಲ್ಲಾರೂ ಮನುಷ್ಯಾರ ಮ್ಯಾಲೆ ಬರೀತಾರ. ನಾ ಬಸವನ ಒಳಗ ಹೊಕ್ಕು ಬರೀತೀನಿ," ಅಂತ ಒಂದು ದಿನ ಘೋಷಿಸಿದ.

ಬಸವ ಅಂದರೆ ಹರಕೆ ಹೊತ್ತು ಗುಡಿಗೆ ಬಿಟ್ಟ ಹೋರಿ. ಅದಕ್ಕೆ ನೊಗ ಇಲ್ಲ, ಮೂಗುದಾರ ಇಲ್ಲ. ಊರಲ್ಲಿ ಮನಸ್ಸು ಬಂದ ಕಡೆ ತಿರುಗುತ್ತದೆ, ಅಂಗಡಿಯ ಬುಟ್ಟಿಗೆ ಬಾಯಿ ಹಾಕಿದರೂ ಯಾರೂ ಹೊಡೆಯುವುದಿಲ್ಲ. ನಮ್ಮಂಥ ಶೈವರ ಮನೆಗಳಲ್ಲಿ ಅದು ದೇವರೇ. ಸಿರುಗುಪ್ಪದ ನಮ್ಮ ಓಣಿಗೆ ಅಂಥದೊಂದು ಬಿಳಿ ಬಸವ ದಿನಾ ಬೆಳಗ್ಗೆ ಬರುತ್ತಿತ್ತು. ಅವ್ವ ಮೊದಲ ರೊಟ್ಟಿಯನ್ನು ಅದಕ್ಕೇ ತೆಗೆದಿಡುತ್ತಿದ್ದಳು. ಬಾಗಿಲಿಗೆ ಮುಖ ತೋರಿಸಿತೆಂದರೆ ಸಾಕು, "ಬಂದ್ಯಾ ನಮ್ಮಪ್ಪಾ, ಬಾ," ಅನ್ನುವಳು. ಓಣಿಯ ಹುಡುಗರು ಅವಳನ್ನು ಅಣಕಿಸುವಾಗ ಹೇಳುವ ಮಾತೇ ಅದು.

ಮಾವ ಸಂಶೋಧನೆಗೆ ಸಿರುಗುಪ್ಪಕ್ಕೆ ಬಂದ. ಕರಿ ಕನ್ನಡಕ ಹಾಕಿಕೊಂಡು ನಮ್ಮ ಕಟ್ಟೆಯ ಮೇಲೆ ಕೂತು ಬಸವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಅದು ಇವನ ಅಂಗಿಯ ತೋಳು ನೆಕ್ಕಿ, ಬೆವರಿನ ಉಪ್ಪಿನ ರುಚಿ ನೋಡಿ, ತಿನ್ನಲು ಏನೂ ಇಲ್ಲವೆಂದು ಮುಂದಿನ ಮನೆಗೆ ಹೋಯಿತು. ಇಷ್ಟನ್ನು ಮಾವ 'ಮೌನ ಸಂವಾದ' ಅಂತ ಒಂದು ಅಧ್ಯಾಯ ಮಾಡಿದ. ಬಳ್ಳಾರಿಗೆ ವಾಪಸಾದ ಮೇಲೆ ಒಂದು ಭಾನುವಾರ ಮಹಡಿಯ ಕೋಣೆಯಲ್ಲಿ ದಡಬಡ ಸದ್ದಾಯಿತು. ಅತ್ತೆ ಕಾಫಿ ಹಿಡಿದು ಮೇಲೆ ಹೋದಳು, ಹಿಂದೆಯೇ ನಾನು. ಮಾವ ಲುಂಗಿ ಎತ್ತಿ ಕಟ್ಟಿ, ಅಂಗೈ ಮೊಣಕಾಲು ನೆಲಕ್ಕೂರಿ, ಮಂಚದ ಕಾಲಿನ ಹತ್ತಿರ ತಲೆ ಬಗ್ಗಿಸಿಕೊಂಡಿದ್ದ.

"ಯಾಕ್ರಿ, ಹೊಟ್ಟಿ ಹಿಡಕೊಂಡೈತೇನ್ರಿ? ಅಜವಾನ ತರ್ಲೇನು?" ಅಂದಳು ಅತ್ತೆ.

"ಸುಮ್ನಿರು. ಬಸವನ ಕಣ್ಣಿಗೆ ಜಗತ್ತು ಹೆಂಗ ಕಾಣ್ತೈತಿ ಅಂತ ನೋಡಾಕತ್ತೀನಿ."

ಬಸವ ನಿಂತರೆ ಅದರ ಕಣ್ಣು ಮಾವನ ಎದೆಯ ಮಟ್ಟಕ್ಕೆ ಬರುತ್ತಿತ್ತು. ಕುರ್ಚಿಯಲ್ಲಿ ಕೂತಿದ್ದರೂ ಆ ಜಗತ್ತು ಕಾಣುತ್ತಿತ್ತು. ನೆಲದ ಮೇಲೆ ಅಂಬೆಗಾಲಿಟ್ಟವನಿಗೆ ಹೆಚ್ಚೆಂದರೆ ಆಡಿನ ಮರಿಯ ಜಗತ್ತು ಕಂಡಿರಬೇಕು. ಆದರೆ ಇಂಥ ಲೇಖಕರಿಗೆ ಪ್ರಾಣಿಗಳೆಲ್ಲ ತಮಗಿಂತ ಕೆಳಗೇ ಇರುತ್ತವೆ ಎಂಬ ನಂಬಿಕೆ.

ಸಂಜೆ ಊಟವಾದ ಮೇಲೆ ಬರೆದದ್ದನ್ನು ಓದಿ ಹೇಳುತ್ತಿದ್ದ. ನಾವು ಎದ್ದು ಹೋಗುವಂತಿರಲಿಲ್ಲ. ಅವನ ಬಸವನಿಗೆ ಸ್ವಾಧೀನದ ಕಾನೂನು ಗೊತ್ತಿತ್ತು, ಸಾಕ್ಷಿಗಳ ಪಾಟೀಸವಾಲು ಗೊತ್ತಿತ್ತು. ತನ್ನ ಸಗಣಿ ಕಂಡರೆ ಅದಕ್ಕೇ ಅಸಹ್ಯ. ಒಂದು ಅಧ್ಯಾಯದಲ್ಲಿ ಅದು ಬಳ್ಳಾರಿ ಪಕ್ಕದ ಸಂಗನಕಲ್ಲಿನ ಗುಡ್ಡದ ಮೇಲೆ ನಿಂತು ಆದಿಮಾನವನ ಬಗ್ಗೆ ಚಿಂತಿಸುತ್ತದೆ. ಸಿರುಗುಪ್ಪದ ಬಸವ ಅಲ್ಲಿಗೆ ಯಾವ ಬಸ್ಸಿನಲ್ಲಿ ಹೋಯಿತು ಅಂತ ನಾನು ಕೇಳಿದ್ದಕ್ಕೆ, "ನಿನಗ ಪ್ರತಿಮೆ ಅಂದ್ರೇನು ಗೊತ್ತಿಲ್ಲ, ಸುಮ್ಮನ ಕೇಳು," ಅಂದ. ಇಡೀ ಪುಸ್ತಕದಲ್ಲಿ ಆ ಪ್ರಾಣಿ ನೆನಪುಗಳನ್ನು ಬಿಟ್ಟು ಬೇರೆ ಏನನ್ನೂ ಮೆಲುಕು ಹಾಕುವುದಿಲ್ಲ.

ಇಷ್ಟಾದರೂ ನಕ್ಕು ಮರೆಯಬಹುದಿತ್ತು. ಮರೆಯಲಾಗದ್ದು ಗಂಜಿಯ ಅಧ್ಯಾಯ.

ನಮ್ಮ ಓಣಿಯ ಬಸವನ ಭುಜದ ಮೇಲೆ ಅಂಗೈಯಗಲ ಕೂದಲಿಲ್ಲದ ಗುಲಾಬಿ ಬಣ್ಣದ ಕಲೆಯಿತ್ತು. ಪಕ್ಕದ ಅಕ್ಕಿ ಗಿರಣಿಯವರು ಭತ್ತ ಬೇಯಿಸಿದ ಕುದಿನೀರನ್ನು ಗೋಡೆಯ ತೂತಿನಿಂದ ಮೋರಿಗೆ ಬಿಡುತ್ತಿದ್ದರು. ಒಮ್ಮೆ ಬಸವ ಅಲ್ಲಿ ಮೈ ತಿಕ್ಕಿಕೊಳ್ಳಲು ಹೋಗಿ ಸುಟ್ಟುಕೊಂಡಿತ್ತು. ಗಾಯ ಮಾಯುವ ತನಕ ಅರಿಸಿನ, ಕೊಬ್ಬರಿ ಎಣ್ಣೆ ಕಲಸಿ ಹಚ್ಚಿದವಳು ನಮ್ಮವ್ವ. ಅದು ನೋವಿಗೆ ತಲೆ ಬೀಸಿ ಅವಳನ್ನು ಗೋಡೆಗೆ ಒತ್ತಿದಾಗಲೂ ಬಿಡಲಿಲ್ಲ. ಮಾವ ಇದನ್ನು ಕಣ್ಣಾರೆ ನೋಡಿದ್ದ, ಅರಿಸಿನದ ಬಟ್ಟಲನ್ನೂ ಹಿಡಿದುಕೊಂಡಿದ್ದ.

ಕಾದಂಬರಿಯಲ್ಲಿ ಬರೆದದ್ದು ಬೇರೆ. ಹಸಿದ ಬಸವ ಗಿರಣಿಯ ಗೋಡೆಗೆ ಹತ್ತಿದ ನೀಲಿ ಬಾಗಿಲಿನ ಮನೆಯ ಮುಂದೆ ನಿಲ್ಲುತ್ತದೆ. ಗಲ್ಲದ ಮೇಲೆ ಮಚ್ಚೆಯಿರುವ ಹೆಂಗಸು ನಗುತ್ತಾ ಹೊರಗೆ ಬರುತ್ತಾಳೆ. "ಬಂದ್ಯಾ ನಮ್ಮಪ್ಪಾ, ಬಾ," ಅಂತ ಕರೆಯುತ್ತಾಳೆ. ಹತ್ತಿರ ಹೋದಾಗ ಕುದಿಯುವ ಗಂಜಿಯನ್ನು ಮೈಮೇಲೆ ಸುರಿಯುತ್ತಾಳೆ. ನೀಲಿ ಬಾಗಿಲು ನಮ್ಮದು. ಮಚ್ಚೆ ನಮ್ಮವ್ವನದು. ಮಾತೂ ಅವಳದೇ.

"ಇದೇನು ಮಾವಾ? ಅವ್ವ ಎಣ್ಣಿ ಹಚ್ಚಿದ್ದಲ್ಲ?" ಅಂದೆ.

"ಎಣ್ಣಿ ಹಚ್ಚಿದ್ರ ಕಾದಂಬರಿ ಆಗಂಗಿಲ್ಲವ್ವಾ. ಅಲ್ಲೊಂದು ಕ್ರೌರ್ಯ ಬೇಕಿತ್ತು," ಅಂದ. ಎಲೆಯಡಿಕೆಗೆ ಸುಣ್ಣ ಬೇಕಿತ್ತು ಅನ್ನುವಷ್ಟು ಸಲೀಸಾಗಿ ಅಂದ. ಅವ್ವ ಓದು ಕಲಿತವಳಲ್ಲ, ಅವನು ಅದನ್ನು ಲೆಕ್ಕಕ್ಕೆ ಹಿಡಿದಿದ್ದನೇನೋ.

ಪುಸ್ತಕ ಅಚ್ಚಾಯಿತು. ಮುಖಪುಟಕ್ಕೆ ಚಿತ್ರ ಬರೆಸುವ ಖರ್ಚಿಗೆ ಮನಸ್ಸು ಬಾರದೆ, ಪ್ರೆಸ್ಸಿನಲ್ಲಿ ಲಗ್ನಪತ್ರಿಕೆಗಳಿಗೆ ಬಳಸುತ್ತಿದ್ದ ನಂದಿ ಬಸವಣ್ಣನ ಅಚ್ಚಿನ ಬ್ಲಾಕನ್ನೇ ಹಾಕಿಸಿದ. ಹಣೆಗೆ ಮೂರು ಎಳೆ ವಿಭೂತಿ, ಕೊರಳಲ್ಲಿ ಗಂಟೆಯ ಸರ, ಕೆಳಗೆ ದೀಪಗಳು. ಬಳ್ಳಾರಿಯಲ್ಲಿ ಯಾರೂ ಕೊಳ್ಳಲಿಲ್ಲ. ಒಂದು ಕಟ್ಟನ್ನು ಸಿರುಗುಪ್ಪಕ್ಕೆ ತಂದು ಪರಿಚಯದವರಿಗೆ ಹಂಚಿದ.

ನಮ್ಮ ಕಡೆ ಶ್ರಾವಣದಲ್ಲಿ ಗುಡಿಗಳಲ್ಲಿ ಪುರಾಣ ಹಚ್ಚುತ್ತಾರೆ. ತಿಂಗಳಿಡೀ ಸಂಜೆ ಒಬ್ಬರು ರಾಗವಾಗಿ ಓದುತ್ತಾರೆ, ಹಾರ್ಮೋನಿಯಂ, ತಬಲಾ ಜೊತೆಗಿರುತ್ತವೆ, ಕೊನೆಯ ದಿನ ಮಂಗಲ. ಆ ವರ್ಷ ಪುರಾಣ ಹೇಳುವ ಶಾಸ್ತ್ರಿಗಳು ದೊಡ್ಡ ಊರಿನ ಮಠವೊಂದಕ್ಕೆ ಒಪ್ಪಿಕೊಂಡು ನಮ್ಮೂರಿಗೆ ಕೈಕೊಟ್ಟರು. ಗುಡಿಯ ಹಿರಿಯರು ಪೇಚಿಗೆ ಬಿದ್ದರು. ಆಗ ಯಾರೋ ಮಾವನ ಪುಸ್ತಕ ತಂದು ಇಟ್ಟರು. ಮುಖಪುಟದಲ್ಲಿ ಬಸವಣ್ಣ. ಒಳಗೆ ಬಸವಣ್ಣ ತಾನೇ 'ನಾನು' ಅಂತ ಹೇಳುತ್ತಿದ್ದಾನೆ. ಇನ್ನೇನು ಬೇಕು? ಪುಸ್ತಕಕ್ಕೆ ಕುಂಕುಮ ಹಚ್ಚಿ, ಹೂ ಏರಿಸಿ, ವ್ಯಾಸಪೀಠದ ಮೇಲಿಟ್ಟು, ನಿವೃತ್ತ ಮಾಸ್ತರರೊಬ್ಬರಿಂದ ಓದಿಸಲು ಶುರುಮಾಡಿದರು. ಅದು ಬರೆದ ಕಥೆ, ಪುರಾಣವಲ್ಲ ಅಂತ ಯಾರಿಗೂ ಹೊಳೆಯಲಿಲ್ಲ. ಹೊಳೆದವರು ಬಾಯಿ ಬಿಡಲಿಲ್ಲ.

ಅವ್ವ ದಿನಾ ಹೋಗುತ್ತಿದ್ದಳು. ತಮ್ಮ ಬರೆದ ಪುಸ್ತಕಕ್ಕೆ ಊರೇ ಕೈಮುಗಿಯುತ್ತಿದೆ ಅಂತ ಅವಳ ಕಾಲು ನೆಲದ ಮೇಲಿರಲಿಲ್ಲ. ಗಂಜಿಯ ಅಧ್ಯಾಯ ಬಂದ ದಿನ ನಾನು ರಜೆಗೆ ಬಂದು ಅವಳ ಪಕ್ಕದಲ್ಲಿ ಕೂತಿದ್ದೆ. ಏನು ಬರಲಿದೆ ಅಂತ ತಿಳಿದದ್ದೇ ಎದ್ದು ಹೋಗೋಣ ಅಂದೆ. "ಮಂಗಳಾರತಿ ಆಗ್ಲಿ, ಕುಂದ್ರು," ಅಂತ ನನ್ನ ಸೆರಗು ಹಿಡಿದು ಕೂರಿಸಿದಳು. ಮಾಸ್ತರರು ದನಿ ಎಳೆದು ಓದಿದರು. ಹೆಂಗಸು ಬಸವನ ಮೇಲೆ ಸುರಿಯಲು ಕುದಿಯುವ ಗಂಜಿಯ ಪಾತ್ರೆ ಎತ್ತಿಕೊಂಡಳು ಅಂದಾಗ ಅವ್ವನೇ ಎಲ್ಲರಿಗಿಂತ ಮೊದಲು, "ಅಯ್ಯ ಪಾಪಿ, ಇಂಥಾಕಿನೂ ಇರ್ತಾಳೇನ!" ಅಂತ ಲೊಚಗುಟ್ಟಿದಳು. ಆಮೇಲೆ ಮಾಸ್ತರರು "ಬಂದ್ಯಾ ನಮ್ಮಪ್ಪಾ, ಬಾ," ಅಂತ ಓದಿದರು. ಹಾರ್ಮೋನಿಯಂ ನಿಂತಿತು. ಮುಂದೆ ಕೂತಿದ್ದ ಹೆಂಗಸರು ಒಬ್ಬೊಬ್ಬರಾಗಿ ಹಿಂದೆ ತಿರುಗಿ ಅವ್ವನ ಮುಖ ನೋಡಿದರು. ಅವ್ವ ಗಲ್ಲದ ಮಚ್ಚೆಯ ಮೇಲೆ ಕೈಯಿಟ್ಟುಕೊಂಡಳು. ನನಗೆ ಆ ಕೈ ಇವತ್ತಿಗೂ ಕಣ್ಣ ಮುಂದೆ ಬರುತ್ತದೆ.

ಮರುದಿನದಿಂದ ನಮ್ಮ ಮನೆಯ ಹೆಪ್ಪು ಯಾರೂ ಒಯ್ಯಲಿಲ್ಲ. ಕುದಿನೀರಿನ ಮೋರಿ ಎಲ್ಲರ ಕಣ್ಣ ಮುಂದೆಯೇ ಹೊಗೆಯಾಡುತ್ತಿತ್ತು. ಆದರೆ ಗುಡಿಯ ಮಂಗಲದ ಪ್ರಸಾದದ ಖರ್ಚು ಗಿರಣಿ ಸಾಹುಕಾರನದು, ಹಾಗಾಗಿ ಓಣಿಗೆ ಮೋರಿ ಮರೆತುಹೋಯಿತು. ಬಸವ ನಮ್ಮ ಬಾಗಿಲ ಕಡೆ ಬಂದರೆ ಎದುರು ಮನೆಯ ಮುದುಕಿ ಓಡಿ ಬಂದು, "ಬ್ಯಾಡಪ್ಪಾ, ಆ ಮನಿಗೆ ಹೋಗಬ್ಯಾಡ," ಅಂತ ಕೊಂಬು ಹಿಡಿದು ಎಳೆಯುತ್ತಿದ್ದಳು. ಅದು ಅವಳನ್ನೂ ಎಳೆದುಕೊಂಡೇ ಬಂದು ಅವ್ವನ ಕೈಯಿಂದ ರೊಟ್ಟಿ ತಿಂದು ಹೋಗುತ್ತಿತ್ತು. ಊರಲ್ಲಿ ಆ ಪುಸ್ತಕಕ್ಕೆ ಮರುಳಾಗದೆ ಉಳಿದದ್ದು ಅದೊಂದೇ ಪ್ರಾಣಿ.

ಇದೆಲ್ಲ ಕುರುಗೋಡಿಗೆ ಮುಟ್ಟಲು ತಡವಾಗಲಿಲ್ಲ. ಅಕ್ಕನಿಗೆ ಗೊತ್ತಾಗಿದ್ದ ಹುಡುಗ ಕುರುಗೋಡಿನವನು. ಹೆಣ್ಣು ನೋಡಿ ಹೋಗಿದ್ದರು, ಇಬ್ಬರೂ ಒಪ್ಪಿದ್ದರು, ದಸರೆಯ ಹೊತ್ತಿಗೆ ನಿಶ್ಚಯ ಅಂತ ಮಾತಾಗಿತ್ತು. ಆ ಊರಲ್ಲಿ ಕಲ್ಲಿನ ದೊಡ್ಡ ಬಸವಣ್ಣನ ಅಪ್ಪಣೆಯಿಲ್ಲದೆ ಬಿತ್ತನೆ ಕೂಡ ಮಾಡುವುದಿಲ್ಲ. ಹುಡುಗನ ತಂದೆ ಒಳ್ಳೆಯ ಮನುಷ್ಯ, ತಾವೇ ಬಂದು ಅವ್ವನ ಎದುರು ಕೂತು ಹೇಳಿದರು.

"ನಾ ನಂಬಂಗಿಲ್ಲ ತಂಗಿ. ಆದ್ರ ನಮ್ಮ ಮನ್ಯಾಗ ಹೆಂಗಸ್ರು ಅಂಜ್ಯಾರ. ಬರದಾತ ನಿಮ್ಮ ತಮ್ಮನ ಅಲ್ಲೇನು? ಮಂಗಲದ ದಿನ ನಾಲ್ಕು ಮಂದಿ ಮುಂದ ಅದು ಕಟ್ಟಿದ ಕಥಿ ಅಂತ ಒಂದು ಮಾತು ಹೇಳಲಿ. ಅಷ್ಟು ಸಾಕು, ಸಂಬಂಧ ಗಟ್ಟಿ."

ಒಂದೇ ಮಾತು. ಅಕ್ಕನ ಸಂಬಂಧ ಆ ಒಂದು ಮಾತಿನ ಮೇಲೆ ನಿಂತಿತು. ನಾನು ಮೊದಲ ಬಸ್ಸಿಗೆ ಬಳ್ಳಾರಿಗೆ ಹೋಗಿ ಮಾವನಿಗೆ ಎಲ್ಲ ಹೇಳಿದೆ. ಅವನು ಮೊದಲು ನಕ್ಕ. ನಮ್ಮ ಜನರ ಅಜ್ಞಾನದ ಮೇಲೆ ಭಾಷಣ ಮಾಡಿದ. ಲೇಖಕನೇ ಬೇರೆ, ನಿರೂಪಕನೇ ಬೇರೆ, ದೃಷ್ಟಿಕೋನ ಅನ್ನುವುದು ಇವರಿಗೆ ತಿಳಿಯುವುದು ಯಾವಾಗ ಅಂತ ಮರುಗಿದ. ಗುಡಿ, ವಿಭೂತಿ, ಪುರಾಣ ಅಂದರೆ ಗೆಳೆಯರ ಗುಂಪಿನಲ್ಲಿ ಗೇಲಿ ಮಾಡುತ್ತಿದ್ದವನು ಅವನು. "ಹೇಳ್ತೀನಿ ಬಿಡು, ಅದೇನು ದೊಡ್ಡ ಮಾತು," ಅಂದ. ನಾನು ನಂಬಿದೆ.

ಮಂಗಲದ ದಿನ ಮಾವ ಬಾಡಿಗೆ ಕಾರಿನಲ್ಲಿ ಬಂದ. ಗುಡಿಯ ಬಾಗಿಲಲ್ಲಿ ಅವನ ಕಾಲಿಗೆ ನೀರು ಹಾಕಿದರು. ಹಣೆಗೆ ವಿಭೂತಿ ಬಳಿದರು, ಬಳಿಸಿಕೊಂಡ. ಹಾರ ಬಿತ್ತು, ಶಾಲು ಬಿತ್ತು. ಮುದುಕರು ಬಗ್ಗಿ ಪಾದ ಮುಟ್ಟಿದರು, ಇವನು ಅವರನ್ನು ಎತ್ತಲು ಹೋಗಲಿಲ್ಲ. ಬಳ್ಳಾರಿಯ ಕೋರ್ಟಿನಲ್ಲಿ ಯಾವ ಜಡ್ಜನಿಂದಲೂ ಸಿಗದಿದ್ದದ್ದು ಇಲ್ಲಿ ಪುಕ್ಕಟೆ ಸಿಗುತ್ತಿತ್ತು. ಅವನ ಮುಖ ಅರಳಿದ ಪರಿ ನೋಡಿ ನನಗೆ ಮೊದಲ ಸಲ ಹೆದರಿಕೆಯಾಯಿತು. ಕಂಬದ ಹಿಂದೆ ಅವ್ವ, ಅಕ್ಕ, ನಾನು ನಿಂತಿದ್ದೆವು. ಅಕ್ಕ ಹೊಸ ಸೀರೆ ಉಟ್ಟಿದ್ದಳು.

ಹುಡುಗನ ತಂದೆ ಎದ್ದು ಕೈಮುಗಿದರು. "ವಕೀಲ್ ಸಾಹೇಬ್ರ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಆ ಗಂಜಿ ಮಾತು ಖರೇನೋ, ಇಲ್ಲಾ ನೀವು ಕಟ್ಟಿ ಬರದದ್ದೋ?"

ಮಾವ ಅವ್ವ ನಿಂತ ಕಡೆ ನೋಡಿದ. ಆಮೇಲೆ ಶಾಲು ಸರಿಮಾಡಿಕೊಂಡು, ಕಣ್ಣು ಅರೆ ಮುಚ್ಚಿ, "ಅದನ್ನ ನಾ ಬರೀಲಿಲ್ರಿ. ಬಸವಣ್ಣ ನನ್ನ ಕೈಲೆ ಬರಸ್ಯಾನ," ಅಂದ.

ಜನ "ಹರಹರ ಮಹಾದೇವ" ಅಂತ ಕೂಗಿದರು. ತಬಲಾ ಶುರುವಾಯಿತು. ಹುಡುಗನ ತಂದೆ ಅವ್ವನ ಕಡೆ ನೋಡದೆ ಚಪ್ಪಲಿ ಹುಡುಕಿಕೊಂಡು ಹೊರಟುಹೋದರು. ಅಲ್ಲಿಗೆ ಆ ಸಂಬಂಧ ಮುಗಿಯಿತು. ಮನೆಗೆ ಬಂದು ಅಕ್ಕ ಸೀರೆ ಮಡಿಚಿ ಪೆಟ್ಟಿಗೆಯಲ್ಲಿಟ್ಟಳು. "ಲೇ, ಆ ಎತ್ತು ನನ್ನ ಮ್ಯಾಲೂ ಏನರ ಬರದೈತೇನು, ಈಗ ಹೇಳಿಬಿಡು," ಅಂದಳು. ನಗಲು ನೋಡಿದಳು, ಆಗಲಿಲ್ಲ.

ನಾನು ಮಾವನ ಮನೆ ಬಿಟ್ಟು ಗೆಳತಿಯೊಬ್ಬಳ ಜೊತೆ ಕೋಣೆ ಮಾಡಿಕೊಂಡು ಬಿ.ಎ. ಮುಗಿಸಿದೆ. ಅಕ್ಕನನ್ನು ಕೆಲವು ವರ್ಷಗಳ ಮೇಲೆ ಆದವಾನಿ ಕಡೆಯ ತೆಲುಗು ಮಾತಿನ ಮನೆಯೊಂದಕ್ಕೆ ಕೊಟ್ಟೆವು. ಅಲ್ಲಿ ಕನ್ನಡ ಕಾದಂಬರಿ ಓದುವವರು ಯಾರೂ ಇರಲಿಲ್ಲ, ಅದೇ ಅವಳ ಪುಣ್ಯ. ಮಾವ ಎರಡನೆಯ ಕಾದಂಬರಿ ಬರೆಯಲಿಲ್ಲ. ಅವನಿಗೆ ಬೇಕಾದದ್ದು ಮೊದಲನೆಯದರಲ್ಲೇ ಸಿಕ್ಕಿತ್ತು.

ಈಗಲೂ ವಿಮರ್ಶೆಯ ಗೋಷ್ಠಿಗಳಲ್ಲಿ ಯಾರಾದರೂ ಎದ್ದು, ಮೂಕಪ್ರಾಣಿಗೆ ಮಾತು ಕೊಟ್ಟ ಲೇಖಕನ ಕರುಣೆ ದೊಡ್ಡದು ಅನ್ನುತ್ತಾರೆ. ನನಗೆ ಕೂತಲ್ಲೇ ಮೈ ಪರಚಿಕೊಳ್ಳುವಂತಾಗುತ್ತದೆ. ಮೂಕಪ್ರಾಣಿ ಇಲ್ಲ ಅನ್ನಲಾರದು, ನಾನು ಹೀಗೆ ಹೇಳಿಲ್ಲ ಅಂತ ತಿರುಗಿ ಬೀಳಲಾರದು. ಅದಕ್ಕೇ ಇವರಿಗೆ ಅದು ಬೇಕು. ತಮ್ಮ ಬಾಯಿಂದ ಆಡಲು ಧೈರ್ಯವಿಲ್ಲದ್ದನ್ನು ಅದರ ಬಾಯಿಗೆ ತುರುಕಿ, ಮೇಲೆ ಕರುಣೆಯ ಬಿರುದನ್ನೂ ತಾವೇ ಹೊದ್ದುಕೊಳ್ಳುತ್ತಾರೆ. ಮನುಷ್ಯರ ಬಾಯಲ್ಲಿ ಸುಳ್ಳು ಹೇಳಿಸಿದರೆ ಯಾರಾದರೂ ಬಂದು ಕೊರಳಪಟ್ಟಿ ಹಿಡಿದಾರು. ಬಸವ ಬಂದು ಯಾರನ್ನು ಹಿಡಿಯುತ್ತದೆ?

ಮಂಗಲದ ದಿನ ಅವ್ವ ಅಳಲಿಲ್ಲ, ಬೈಯಲಿಲ್ಲ, ತಮ್ಮನನ್ನು ಊಟಕ್ಕೂ ಕರೆಯಲಿಲ್ಲ. ಅವನು ಗಿರಣಿ ಸಾಹುಕಾರನ ಮನೆಯಲ್ಲಿ ಉಂಡು ಕಾರು ಹತ್ತಿದ. ವರ್ಷವಿಡೀ ಅವರ ನಡುವೆ ಮಾತಿರಲಿಲ್ಲ. ಮರುವರ್ಷ ನಾಗರ ಪಂಚಮಿ ಬಂತು. ನಮ್ಮ ಕಡೆ ಪಂಚಮಿಗೆ ಅಣ್ಣನೋ ತಮ್ಮನೋ ಬಂದು ಹೆಣ್ಣುಮಗಳನ್ನು ತವರಿಗೆ ಕರೆದೊಯ್ಯಬೇಕು. ಕರೆಯಲು ಬಾರದವನಿಗೂ, ಕರೆದರೆ ಹೋಗದವಳಿಗೂ ಮುಂದೆ ತವರು ಅನ್ನುವುದು ಇಲ್ಲ. ಮಾವ ಸೀರೆ, ಉಂಡಿಯ ಡಬ್ಬಿ ಹಿಡಿದುಕೊಂಡು ಏನೂ ಆಗದವನ ಹಾಗೆ ನೀಲಿ ಬಾಗಿಲ ಮುಂದೆ ನಿಂತ.

"ನಡಿ ಅಕ್ಕಾ, ಪಂಚಮಿಗೆ ಕರಿಯಾಕ ಬಂದೀನಿ."

ಅವ್ವ ಬಾಗಿಲಿಗೆ ಅಡ್ಡ ನಿಂತಳು, ಒಳಗೆ ಬಾ ಅನ್ನಲಿಲ್ಲ. ಅಷ್ಟು ವರ್ಷ ಇವನ ಹೆಸರು ಹೇಳಿ ಎದೆಯುಬ್ಬಿಸಿದವಳು ಅವನ ಮುಖವನ್ನೇ ನೋಡುತ್ತಾ, "ನನ್ನ ಮ್ಯಾಲೆ ಹಂಗ ಯಾಕ ಬರದಿ ತಮ್ಮಾ?" ಅಂತ ಒಂದೇ ಒಂದು ಸಲ ಕೇಳಿದಳು.

ಮಾವ ಸೀರೆಯ ಪೊಟ್ಟಣವನ್ನು ಆ ಕೈಯಿಂದ ಈ ಕೈಗೆ ಬದಲಿಸಿದ. "ಅಕ್ಕಾ, ನಿನಗ ತಿಳಿಯಂಗಿಲ್ಲ. ಅದು ನಾ ಹೇಳಿದ್ದಲ್ಲ. ಅದರಾಗ ಮಾತಾಡಿದ್ದು ಬಸವ."

"ಹಂಗಾರ ಪಂಚಮಿಗೂ ಅದನ್ನ ಕಳಸು. ಬಂದು ಕರಕೊಂಡು ಹೋಗ್ಲಿ," ಅಂದಳು ಅವ್ವ.